ಕಾರ್ಮಿಕರ ಗಿರಿ: ತೆರೆದ ಬಾಗಿಲು, ಹೊರಗುಳಿದ ಹಂಗಾಮಿ

ವರಾಹಗಿರಿ ವೆಂಕಟಗಿರಿ ಎಂದೊಡನೆ 1969ರ ರಾಷ್ಟ್ರಪತಿ ಚುನಾವಣೆ ನೆನಪಾಗುತ್ತದೆ. ಆದರೆ ಅವರ ಬದುಕಿನ ತಿರುಳು ಇದ್ದುದು ಕಾರ್ಮಿಕ ಚಳವಳಿಯಲ್ಲಿ.

1894ರ ಆಗಸ್ಟ್ 10ರಂದು ಇಂದಿನ ಒಡಿಶಾದ ಬೆರ್ಹಾಂಪುರದಲ್ಲಿ ಜನಿಸಿದ ಗಿರಿ, ಕಾನೂನು ಕಲಿಯಲು 1913ರಲ್ಲಿ ಡಬ್ಲಿನ್‌ಗೆ ತೆರಳಿದರು. ಐರಿಷ್ ಸ್ವಾತಂತ್ರ್ಯ ಹೋರಾಟದ ನಂಟಿನಿಂದಾಗಿ 1916ರಲ್ಲಿ ಆ ದೇಶ ಬಿಡಬೇಕಾಯಿತು. ತಾಯ್ನಾಡಿಗೆ ಮರಳಿ ರೈಲ್ವೆ ಕಾರ್ಮಿಕರನ್ನು ಸಂಘಟಿಸಿದರು. 1928ರಲ್ಲಿ ಕೆಲಸದಿಂದ ತೆಗೆಯಲ್ಪಟ್ಟವರ ಪರವಾಗಿ ಬಂಗಾಳ ನಾಗಪುರ ರೈಲ್ವೆಯ ಅಹಿಂಸಾತ್ಮಕ ಮುಷ್ಕರವನ್ನು ಮುನ್ನಡೆಸಿದರು.

1952ರಲ್ಲಿ ನೆಹರೂ ಸಂಪುಟದ ಕಾರ್ಮಿಕ ಸಚಿವರಾದರು. ಅವರ ಅವಧಿಯಲ್ಲೇ, 1953ರಲ್ಲಿ, ಕೈಗಾರಿಕಾ ವಿವಾದಗಳ ಕಾಯ್ದೆಗೆ ಲೇ-ಆಫ್ ಪರಿಹಾರದ ಅಧ್ಯಾಯ ಸೇರಿತು. ಮಾಲೀಕ ಕೆಲಸ ಕೊಡಲಾಗದ ದಿನಗಳಿಗೆ ಮೂಲ ವೇತನ ಹಾಗೂ ತುಟ್ಟಿಭತ್ಯೆಯ ಅರ್ಧದಷ್ಟು ಕಾರ್ಮಿಕನಿಗೆ ಸಲ್ಲಬೇಕೆಂಬುದು ಅದರ ಸಾರ. ಮುಂದೆ ಇದು ತೋಟಗಳಿಗೂ ಅನ್ವಯವಾಯಿತು. ಆದರೆ ಒಂದು ವರ್ಷದ ನಿರಂತರ ಸೇವೆ ಇಲ್ಲದವರು, ಬದಲಿ ಹಾಗೂ ಹಂಗಾಮಿ ಕೆಲಸಗಾರರು ಹೊರಗುಳಿದರು.

ಕಾರ್ಮಿಕರು ಮತ್ತು ಮಾಲೀಕರು ಪರಸ್ಪರ ಮಾತುಕತೆಯಿಂದಲೇ ವಿವಾದ ಬಗೆಹರಿಸಿಕೊಳ್ಳಬೇಕೆಂಬುದು ಗಿರಿಯವರ ನಿಲುವು. ನ್ಯಾಯಮಂಡಳಿಗಳ ಬಗ್ಗೆ ಅವರಿಗೆ ಒಲವಿರಲಿಲ್ಲ. ಆದರೂ ಬ್ಯಾಂಕ್ ನೌಕರರ ವಿವಾದದಲ್ಲಿ ಕಾರ್ಮಿಕ ಮೇಲ್ಮನವಿ ನ್ಯಾಯಮಂಡಳಿ ಇತ್ತ ತೀರ್ಪನ್ನು ಸರ್ಕಾರವೇ 1954ರಲ್ಲಿ ತಿದ್ದಿದಾಗ ಅವರು ಸಚಿವ ಸ್ಥಾನ ತೊರೆದರು. ಮೇಲ್ಮನವಿಯಲ್ಲಿ ಗೆದ್ದವರಿಗೆ ಗೆಲುವಿನ ಫಲ ದಕ್ಕದಿದ್ದರೆ ಮೇಲ್ಮನವಿಗೆ ಅರ್ಥವಾದರೂ ಏನೆಂಬ ಪ್ರಶ್ನೆಯನ್ನು ಆ ರಾಜೀನಾಮೆ ದೇಶದ ಮುಂದಿಟ್ಟಿತು.

1965ರಿಂದ 1967ರವರೆಗೆ ಅವರು ಮೈಸೂರು ರಾಜ್ಯದ ರಾಜ್ಯಪಾಲರು. 1956ರಲ್ಲೇ ರಾಜ್ಯದೊಳಗೆ ವಿಲೀನವಾಗಿದ್ದ ಕೊಡಗೂ ಆ ವ್ಯಾಪ್ತಿಗೆ ಸೇರಿತ್ತು. ರಾಷ್ಟ್ರಪತಿಯಾಗಿದ್ದಾಗ, 1970ರ ಸೆಪ್ಟೆಂಬರ್‌ನಲ್ಲಿ, ಗುತ್ತಿಗೆ ಕಾರ್ಮಿಕರ ಕಾಯ್ದೆ ಅವರ ಅಂಕಿತ ಪಡೆಯಿತು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂದು ಅದು ವಿಧಿಸಿತು. ಆದರೆ ಗುತ್ತಿಗೆ ಮುಗಿದ ಮೇಲಿನ ನಿರುದ್ಯೋಗಕ್ಕೆ ಅದರಲ್ಲಿ ಪರಿಹಾರವಿರಲಿಲ್ಲ.

1975ರಲ್ಲಿ ಭಾರತರತ್ನ ಪಡೆದ ಗಿರಿ, 1980ರ ಜೂನ್ 24ರಂದು ಮದ್ರಾಸಿನಲ್ಲಿ ನಿಧನರಾದರು. ಅವರ ಕಾಲದ ಕಾಯ್ದೆಗಳ ಬದಲಿಗೆ ಸಂಸತ್ತು 2020ರಲ್ಲಿ ಹೊಸ ಸಂಹಿತೆಗಳನ್ನು ಅಂಗೀಕರಿಸಿತು. ಹಂಗಾಮಿಯ ಪ್ರಶ್ನೆ ಮಾತ್ರ ಹಳೆಯದೇ. ಗೋಣಿಕೊಪ್ಪಲು ಸುತ್ತಲಿನ ಕಾಫಿ ತೋಟಗಳಿಗೆ ಕೊಯ್ಲಿನ ವೇಳೆ ಅಸ್ಸಾಂ, ಪಶ್ಚಿಮ ಬಂಗಾಳಗಳಿಂದಲೂ ಕೂಲಿಯವರು ಬರುತ್ತಾರೆ. ಕೊಯ್ಲು ಮುಗಿದು ಕೆಲಸ ನಿಂತಾಗ ಪರಿಹಾರ ಕೇಳಬೇಕಾದರೆ, ತಾನು ಯಾರ ಕೆಲಸಗಾರನೆಂದು ಸಾಬೀತುಪಡಿಸುವ ಹೊರೆ ಮೊದಲು ಬೀಳುವುದು ಆ ಕೂಲಿಯವನ ಹೆಗಲಿಗೇ.