ಡೋನಿಟ್ಜ್: ಪ್ರಶಸ್ತಿಪತ್ರಗಳಲ್ಲಿ ಉಳಿದ ಸಹಿ

ಎರಡನೇ ಮಹಾಯುದ್ಧ ಕಾಲದ ಜರ್ಮನ್ ನೌಕಾಪಡೆಯ ಪದಕಗಳಿಗಿಂತ, ಅವುಗಳೊಂದಿಗೆ ನೀಡುತ್ತಿದ್ದ ಪ್ರಶಸ್ತಿಪತ್ರಗಳನ್ನೇ ಅರಸುವ ಸಂಗ್ರಾಹಕರಿದ್ದಾರೆ. ಪದಕದ ಮೇಲೆ ಸಾಮಾನ್ಯವಾಗಿ ಪಡೆದವನ ಹೆಸರಿರುವುದಿಲ್ಲ. ಪತ್ರದಲ್ಲಾದರೋ ನಾವಿಕನ ಹೆಸರು, ಹುದ್ದೆ, ದಿನಾಂಕ, ಮೊಹರು ಎಲ್ಲವೂ ಉಂಟು. ಕೆಳಭಾಗದಲ್ಲಿ ಕಾರ್ಲ್ ಡೋನಿಟ್ಜ್‌ನ ಸಹಿ ಇದ್ದರಂತೂ ಅದರ ಬೆಲೆಯೇ ಬೇರೆ.

1891ರ ಸೆಪ್ಟೆಂಬರ್ 16ರಂದು ಬರ್ಲಿನ್ ಬಳಿ ಜನಿಸಿದ ಡೋನಿಟ್ಜ್ ನೌಕಾಪಡೆ ಸೇರಿದ್ದು 1910ರಲ್ಲಿ. 1918ರ ಅಕ್ಟೋಬರ್‌ನಲ್ಲಿ ಆತನ ಜಲಾಂತರ್ಗಾಮಿ ಮೆಡಿಟರೇನಿಯನ್ ಸಮುದ್ರದಲ್ಲಿ ಮುಳುಗಿತು. ಆತ ಬ್ರಿಟಿಷರ ಸೆರೆಯಾದ. 1935ರಲ್ಲಿ ಹಿಟ್ಲರನ ಜರ್ಮನಿ ಮತ್ತೆ ಜಲಾಂತರ್ಗಾಮಿಗಳನ್ನು ನಿರ್ಮಿಸತೊಡಗಿದಾಗ ಅವುಗಳ ಹೊಣೆ ಒಲಿದದ್ದು ಆತನಿಗೇ. ಹಲವು ನೌಕೆಗಳು ಒಟ್ಟಾಗಿ ರಾತ್ರಿ ವೇಳೆ ಸರಕು ಹಡಗುಗಳ ಮೇಲೆ ಎರಗುವ ತೋಳಗಳ ಹಿಂಡಿನ ತಂತ್ರವನ್ನು ಯುದ್ಧದಲ್ಲಿ ಬಳಕೆಗೆ ತಂದವನೂ ಆತನೇ.

1939ರ ಅಕ್ಟೋಬರ್ 13ರಂದು ಜಲಾಂತರ್ಗಾಮಿ ಯೋಧರ ಬ್ಯಾಡ್ಜ್ ಮರುಸ್ಥಾಪನೆಯಾಯಿತು. ಸಾಮಾನ್ಯವಾಗಿ ಎರಡು ಯುದ್ಧಯಾನ ಮುಗಿಸಿದವನಿಗೆ ಅದು ದೊರೆಯುತ್ತಿತ್ತು. ಅದರ ಪತ್ರಗಳಲ್ಲಿ ಕೆಲವಕ್ಕೆ ಡೋನಿಟ್ಜ್ ಶಾಯಿಯಲ್ಲಿ ಸಹಿ ಹಾಕಿದ್ದರೆ, ಇನ್ನು ಕೆಲವದರಲ್ಲಿ ಸಹಿಯೂ ಅಚ್ಚಾದದ್ದೇ. ಹೀಗಾಗಿ ಶಾಯಿ ಕಾಗದದ ನಾರಿಗೆ ಇಳಿದಿದೆಯೇ ಎಂದು ಸಂಗ್ರಾಹಕರು ಇಂದಿಗೂ ಭೂತಗನ್ನಡಿ ಹಿಡಿದು ನೋಡುತ್ತಾರೆ. ನಕಲಿಗಳ ಕಾಟವೂ ಕಡಿಮೆಯಲ್ಲ.

ಆದರೆ ಭೂತಗನ್ನಡಿಗೆ ಕಾಣದ ಲೆಕ್ಕವೊಂದಿದೆ. ಜಲಾಂತರ್ಗಾಮಿಗಳಲ್ಲಿ ಯುದ್ಧಕ್ಕೆ ಹೊರಟ ಸುಮಾರು 40,000 ಮಂದಿಯಲ್ಲಿ ಸುಮಾರು 30,000 ಮಂದಿ ಮರಳಲಿಲ್ಲ. 1943ರ ಮೇ ತಿಂಗಳೊಂದರಲ್ಲೇ 41 ನೌಕೆಗಳು ನಾಶವಾದವು. ಅವುಗಳಲ್ಲೊಂದಾದ ಯು-954ರಲ್ಲಿ ಡೋನಿಟ್ಜ್‌ನ ಕಿರಿಯ ಮಗ ಪೀಟರ್ ಇದ್ದ. ಆ ತಿಂಗಳು ನೌಕೆಗಳನ್ನು ಉತ್ತರ ಅಟ್ಲಾಂಟಿಕ್‌ನಿಂದ ಹಿಂದೆಗೆದ ತಂದೆ, ಯುದ್ಧವನ್ನು ಮಾತ್ರ ನಿಲ್ಲಿಸಲಿಲ್ಲ. ಹಿರಿಯ ಮಗ ಕ್ಲಾಸ್‌ಗೆ ಯುದ್ಧಕರ್ತವ್ಯದಿಂದ ವಿನಾಯಿತಿ ದೊರೆತಿತ್ತು. ಆದರೂ 1944ರ ಮೇ 13ರಂದು, ತನ್ನ 24ನೇ ಹುಟ್ಟುಹಬ್ಬದ ಮುನ್ನಾದಿನ, ಗೆಳೆಯರ ಟಾರ್ಪೆಡೊ ದೋಣಿಯೇರಿ ಹೋಗಿ ಮಡಿದ.

ತಾನು ಕೇವಲ ನಾವಿಕ, ರಾಜಕಾರಣ ತನ್ನದಲ್ಲ ಎಂಬುದು ಯುದ್ಧಾನಂತರ ಡೋನಿಟ್ಜ್‌ನ ನಿಲುವು. ಇದನ್ನು ನಂಬುವುದು ಕಷ್ಟ. 1944ರ ಮಾರ್ಚ್‌ನಲ್ಲಿ ಆತ ಯಹೂದಿ ದ್ವೇಷದ ಭಾಷಣ ಮಾಡಿದ್ದ. ಅದೇ ವರ್ಷದ ಕೊನೆಯಲ್ಲಿ, ಹಡಗು ನಿರ್ಮಾಣ ಕಟ್ಟೆಗಳಲ್ಲಿ ಯಾತನಾ ಶಿಬಿರಗಳ 12,000 ಕೈದಿಗಳನ್ನು ದುಡಿಸಿಕೊಳ್ಳಬೇಕೆಂದು ಆತ ಮಾಡಿದ್ದ ಶಿಫಾರಸು ಮುಂದೆ ನ್ಯೂರೆಂಬರ್ಗ್ ನ್ಯಾಯಮಂಡಳಿಯ ಎದುರು ಬಂತು. ಆತನ ಹೆಸರಿನ ಆ ಕಾಗದವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವವರು ಇರಲಿಕ್ಕಿಲ್ಲ.

ಹಿಟ್ಲರನ ಸಾವಿನ ನಂತರ ಕೆಲ ವಾರ ರಾಷ್ಟ್ರದ ಮುಖ್ಯಸ್ಥನಾಗಿದ್ದ ಡೋನಿಟ್ಜ್ 1945ರ ಮೇ 23ರಂದು ಬಂಧನಕ್ಕೊಳಗಾದ. ಆತನಿಗೆ ಹತ್ತು ವರ್ಷಗಳ ಸೆರೆವಾಸ ವಿಧಿಸಲಾಯಿತು. 1956ರಲ್ಲಿ ಬಿಡುಗಡೆಯಾದ ಮೇಲೆ ಹ್ಯಾಂಬರ್ಗ್ ಸಮೀಪದ ಆಮ್ಯೂಲೆಯಲ್ಲಿ ನೆಲೆಸಿ, 1958ರಲ್ಲಿ ಆತ್ಮಕಥನ ಪ್ರಕಟಿಸಿದ. ದೇಶವಿದೇಶಗಳ ಅಭಿಮಾನಿಗಳ ಪತ್ರಗಳಿಗೆ ಉತ್ತರ ಬರೆದ. ಹಸ್ತಾಕ್ಷರ ಬೇಡಿದವರಿಗೆ ಸಹಿ ಹಾಕಿ ಕಳುಹಿಸಿದ. ಮಾರುಕಟ್ಟೆಯಲ್ಲಿ ಈ ಇಳಿವಯಸ್ಸಿನ ಸಹಿಗಳು ಸುಲಭವಾಗಿ ಸಿಗುತ್ತವೆ, ಯುದ್ಧಕಾಲದವು ಅಪರೂಪ.

1980ರ ಡಿಸೆಂಬರ್ 24ರಂದು, 89ನೇ ವಯಸ್ಸಿನಲ್ಲಿ ಡೋನಿಟ್ಜ್ ನಿಧನನಾದ. ಪಶ್ಚಿಮ ಜರ್ಮನಿ ಸರ್ಕಾರ ಸೇನಾ ಗೌರವ ನಿರಾಕರಿಸಿತಲ್ಲದೆ, ಸೈನಿಕರು ಸಮವಸ್ತ್ರದಲ್ಲಿ ಅಂತ್ಯಕ್ರಿಯೆಗೆ ಬರುವುದನ್ನೂ ನಿಷೇಧಿಸಿತು. ಆದರೂ 1981ರ ಜನವರಿ 6ರಂದು ಆಮ್ಯೂಲೆಯಲ್ಲಿ ಆತನ ಹಳೆಯ ನಾವಿಕರು ದೊಡ್ಡ ಸಂಖ್ಯೆಯಲ್ಲಿ ನೆರೆದಿದ್ದರು.