ಡಾ. ಯಲ್ಲಾಪ್ರಗಡ ಸುಬ್ಬರಾಯರು

ನಾವು ಬಂದು ನೆಲೆಸಿರುವ ಭೀಮುನಿಪಟ್ಟಣವು ಸಮುದ್ರತೀರದ ಊರು. ಆಂಧ್ರದ ಈ ಕರಾವಳಿಯನ್ನು ಆನೆಕಾಲು ರೋಗವು ಬಹುಕಾಲ ಪೀಡಿಸಿದೆ. ಆ ರೋಗಕ್ಕೂ ಅದರಿಂದುಂಟಾಗುವ ಒಂದು ಬಗೆಯ ಉಬ್ಬಸಕ್ಕೂ ಮದ್ದನ್ನು ಒದಗಿಸಿದ ಮಹನೀಯರು ಇದೇ ನಾಡಿನವರೆಂಬುದನ್ನು ನಮ್ಮ ವಿದ್ಯಾರ್ಥಿಗಳು ಅರಿಯಬೇಕು.

ಸುಬ್ಬರಾಯರು 1895ನೆಯ ಜನವರಿ 12ರಂದು ಭೀಮವರದಲ್ಲಿ ಜನಿಸಿದರು. ಮನೆಯಲ್ಲಿ ಬಡತನ. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಸಲ ಅನುತ್ತೀರ್ಣರಾಗಿ ಮೂರನೆಯ ಸಲ ತೇರ್ಗಡೆ ಹೊಂದಿದರು. ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಖಾದಿಯನ್ನುಟ್ಟದ್ದು ಪ್ರಾಧ್ಯಾಪಕರೊಬ್ಬರ ಅಸಮಾಧಾನಕ್ಕೆ ಕಾರಣವಾಗಿ, ಎಂ.ಬಿ.ಬಿ.ಎಸ್. ಬದಲು ಕೆಳದರ್ಜೆಯ ಎಲ್.ಎಂ.ಎಸ್. ಪದವಿ ಮಾತ್ರ ದೊರೆಯಿತು. ಸ್ಪ್ರೂ ಎಂಬ ಗ್ರಹಣಿ ರೋಗವು ಅವರ ಸೋದರರಿಬ್ಬರನ್ನು ಕೆಲವೇ ದಿನಗಳ ಅಂತರದಲ್ಲಿ ಬಲಿ ತೆಗೆದುಕೊಂಡಿತು.

ಅನಂತರ ಅವರು ಅಮೆರಿಕೆಗೆ ತೆರಳಿ ಹಾರ್ವರ್ಡ್ ವೈದ್ಯಕೀಯ ಶಾಲೆಯನ್ನು ಸೇರಿದರು. ಹೊಟ್ಟೆಪಾಡಿಗಾಗಿ ಆಸ್ಪತ್ರೆಯಲ್ಲಿ ರಾತ್ರಿಯ ಊಳಿಗವನ್ನೂ ಮಾಡಿದರು. ಫಿಸ್ಕೆಯವರೊಡನೆ ದುಡಿದು, ರಕ್ತದಲ್ಲಿನ ರಂಜಕವನ್ನು ಅಳೆಯುವ ವಿಧಾನವನ್ನು 1925ರಲ್ಲಿ ಪ್ರಕಟಿಸಿದರು. 1929ರಲ್ಲಿ ಜೀವಕಣಗಳಿಗೆ ಶಕ್ತಿಯೊದಗಿಸುವ ಎ.ಟಿ.ಪಿ. ಎಂಬ ದ್ರವ್ಯವನ್ನು ಗುರುತಿಸಿದರು. 1940ರಲ್ಲಿ ಲೆಡರ್ಲೆ ಪ್ರಯೋಗಾಲಯಕ್ಕೆ ಹೋದರು. ಅಲ್ಲಿ ಅವರ ತಂಡವು 1945ರಲ್ಲಿ ಫೋಲಿಕ್ ಆಮ್ಲವನ್ನು ಕೃತಕವಾಗಿ ಸಿದ್ಧಪಡಿಸಿತು. ಸ್ಪ್ರೂ ರೋಗಿಗಳಿಗೆ ಅದು ಸಂಜೀವಿನಿಯಾಯಿತು. ಸೋದರರಿಗೆ ಮಾತ್ರ ಅದು ಒದಗಲಿಲ್ಲ.

1947ರಲ್ಲಿ ಹೆಟ್ರಜಾನ್ ಎಂಬ ಔಷಧವು ಹೊರಬಂದಿತು. ಆನೆಕಾಲು ರೋಗದ ಕ್ರಿಮಿಗಳನ್ನು ಸೊಳ್ಳೆಗಳು ಹರಡುತ್ತವೆ. ಕೆಲವರ ಶರೀರವು ಈ ಕ್ರಿಮಿಗಳ ಮರಿಗಳ ವಿರುದ್ಧ ಅತಿಯಾಗಿ ಕೆರಳುತ್ತದೆ. ಆಗ ಇಯೋಸಿನೋಫಿಲ್ ಎಂಬ ಬಿಳಿರಕ್ತಕಣಗಳು ಶ್ವಾಸಕೋಶದಲ್ಲಿ ಮುತ್ತುತ್ತವೆ. ಶರೀರದ ರಾಸಾಯನಿಕ ಕ್ರಿಯೆಗಳನ್ನು ತ್ವರಿತಗೊಳಿಸುವ ದ್ರವ್ಯಗಳಿಗೆ ಕಿಣ್ವಗಳೆಂದು ಹೆಸರು. ವೈರಿಯನ್ನು ಕೊಲ್ಲಬೇಕಾದ ಪೆರಾಕ್ಸಿಡೇಸ್ ಮುಂತಾದ ಕಿಣ್ವಗಳನ್ನು ಈ ಕಣಗಳು ಹೊರಚೆಲ್ಲಿ, ಸ್ವಂತ ಶ್ವಾಸಕೋಶವನ್ನೇ ಗಾಯಗೊಳಿಸುತ್ತವೆ. ರಾತ್ರಿ ಕೆಮ್ಮು, ಏದುಸಿರು, ಎದೆಯಲ್ಲಿ ಸಿಳ್ಳೆಯ ಸದ್ದು ಕಾಣಿಸುತ್ತವೆ. ಅನೇಕ ಗೂರಲು ರೋಗಿಗಳಲ್ಲಿಯೂ ಇವೇ ಕಣಗಳು ಹೆಚ್ಚಿರುವುದರಿಂದ ವೈದ್ಯರು ಒಂದನ್ನು ಮತ್ತೊಂದೆಂದು ಭ್ರಮಿಸುವುದುಂಟು. ಹೆಟ್ರಜಾನ್ ಸಾಮಾನ್ಯವಾಗಿ ಮೂರು ವಾರಗಳ ಸೇವನೆಯಿಂದ ಕ್ರಿಮಿಜನ್ಯವಾದ ಈ ಉಬ್ಬಸವನ್ನು ಶಮನಗೊಳಿಸುತ್ತದೆ. ಶ್ವಾಸನಾಳವನ್ನು ಬಿಗಿಯುವ ಲ್ಯೂಕೋಟ್ರೈನುಗಳ ತಯಾರಿಕೆಯನ್ನೂ ಅದು ತಡೆಯಬಲ್ಲುದೆಂದು ಜೀವಕಣಗಳ ಮೇಲಿನ ಅನಂತರದ ಪ್ರಯೋಗಗಳು ತೋರಿಸಿದವು.

ಸುಬ್ಬರಾಯರು 1948ರ ಆಗಸ್ಟಿನಲ್ಲಿ, ಐವತ್ತಮೂರನೆಯ ವಯಸ್ಸಿನಲ್ಲಿ, ನ್ಯೂಯಾರ್ಕ್ ಪ್ರಾಂತದಲ್ಲಿ ನಿಧನರಾದರು. ಅಮೆರಿಕೆಗೆ ಹೋದವರು ತಾಯ್ನಾಡಿಗೆ ಮರಳಿ ಬರಲೇ ಇಲ್ಲ. ಆದರೆ ಅವರ ಔಷಧವು ಬಂದಿತು. ಆನೆಕಾಲು ರೋಗವನ್ನು ತಡೆಯಲು 2004ರಲ್ಲಿ ನಮ್ಮ ದೇಶದಲ್ಲಿ ಆರಂಭವಾದ ಸಾಮೂಹಿಕ ವಿತರಣೆಯಲ್ಲಿ ಮನೆಮನೆಗೆ ತಲುಪಿದ್ದು ಇದೇ ಮಾತ್ರೆ. ಪರೀಕ್ಷೆಯಲ್ಲಿ ಒಮ್ಮೆ ಸೋತೆವೆಂದು ಕುಗ್ಗುವ ಬಾಲಕ ಬಾಲಕಿಯರು ಈ ಬಾಳನ್ನು ನೆನೆಯಲಿ ಎಂಬುದೇ ನಮ್ಮ ಹಾರೈಕೆ.