ಮಂಗಳನ ಚಂದ್ರರನ್ನು ಹುಡುಕಿದ ಬಡಗಿ

ಸೆಲೆಸ್ಟಿಯಾ, ಆರ್ಬಿಟರ್ ಸಾಫ್ಟ್‌ವೇರ್‌ಗಳನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡವರು ನಮ್ಮ ಕಾಲೇಜಿನಲ್ಲಿ ಸುಮಾರು ಜನ ಇದ್ದೀವಿ. ಎರಡೂ ಫ್ರೀ. ಎಲ್ಲರೂ ಮೊದಲು ಶನಿಯ ಬಳೆ ನೋಡೋಕೆ ಓಡ್ತೀವಿ. ಒಮ್ಮೆ ಮಂಗಳನ ಹತ್ತಿರ ಹೋಗಿ ಫೋಬೋಸ್ ಅನ್ನೋ ಉಪಗ್ರಹವನ್ನೂ ನೋಡಿ. ಸೆಲೆಸ್ಟಿಯಾದಲ್ಲಿ ಅದು ದುಂಡಗಿಲ್ಲ, ಒಂದು ತುದಿ ಕಚ್ಚಿಬಿಟ್ಟ ಆಲೂಗಡ್ಡೆ ಥರ ಇದೆ. ಉದ್ದ ಸುಮಾರು 27 ಕಿ.ಮೀ. ಅಷ್ಟೇ. ನಮ್ಮಲ್ಲಿರುವ ಪಾಮನಕಲ್ಲೂರು ಕಡೆಯವರ ಲೆಕ್ಕದಲ್ಲಿ ಹೇಳುವುದಾದರೆ, ಹೆಚ್ಚುಕಡಿಮೆ ಮಸ್ಕಿಯಿಂದ ಸಿಂಧನೂರಿಗೆ ಬಸ್ಸಲ್ಲಿ ಹೋದಷ್ಟು. ಅದರ ವಿಮೋಚನಾ ವೇಗ ಗಂಟೆಗೆ ಸುಮಾರು 40 ಕಿ.ಮೀ. ಮಾತ್ರ. ಅಂದರೆ ಅಲ್ಲಿ ನಿಂತು ಸ್ಪಿನ್ ಬೌಲಿಂಗ್ ಮಾಡಿದರೂ ಚೆಂಡು ವಾಪಸ್ ಬರಲ್ಲ!

ಇಷ್ಟು ಸಣ್ಣದನ್ನು 1877ರಲ್ಲೇ ಭೂಮಿಯಿಂದ ಕಂಡವರು ಆಸಫ್ ಹಾಲ್.

ಹಾಲ್ ಹುಟ್ಟಿದ್ದು 1829ರಲ್ಲಿ, ಅಮೆರಿಕದ ಕನೆಕ್ಟಿಕಟ್‌ನ ಗೋಶೆನ್‌ನಲ್ಲಿ. ತಂದೆ ಗಡಿಯಾರ ಮಾಡುತ್ತಿದ್ದವರು. ಹುಡುಗನಿಗೆ 13 ವರ್ಷ ಆದಾಗ ತೀರಿಕೊಂಡರು. 16ಕ್ಕೆ ಶಾಲೆ ಬಿಟ್ಟು ಬಡಗಿಯೊಬ್ಬರ ಹತ್ತಿರ ಕೆಲಸಕ್ಕೆ ಸೇರಬೇಕಾಯಿತು. ಓದುವ ಆಸೆ ಮಾತ್ರ ಹೋಗಲಿಲ್ಲ. ಇಪ್ಪತ್ತೈದರ ಹತ್ತಿರ ಬಂದಾಗ ನ್ಯೂಯಾರ್ಕ್ ರಾಜ್ಯದ ಸೆಂಟ್ರಲ್ ಕಾಲೇಜಿಗೆ ಸೇರಿದರು. ಹೆಣ್ಣುಮಕ್ಕಳಿಗೂ ಕಪ್ಪು ಜನರಿಗೂ ಬಾಗಿಲು ತೆರೆದಿದ್ದ ಕಾಲೇಜು ಅದು, ಆ ಕಾಲಕ್ಕೆ ಅಪರೂಪ. ಅಲ್ಲಿ ಅವರಿಗೆ ಗಣಿತ ಹೇಳಿಕೊಟ್ಟವರು ಆ್ಯಂಜಲಿನ್ ಸ್ಟಿಕ್ನಿ. 1856ರಲ್ಲಿ ಇಬ್ಬರೂ ಮದುವೆಯಾದರು.

ಮುಂದೆ ಹಾರ್ವರ್ಡ್ ವೀಕ್ಷಣಾಲಯದಲ್ಲಿ ವಾರಕ್ಕೆ 3 ಡಾಲರ್ ಸಂಬಳದ ಕೆಲಸ. ಗಂಡನ ಖಗೋಳ ಲೆಕ್ಕಗಳನ್ನು ಆ್ಯಂಜಲಿನ್ ಕೂಡ ಮಾಡಿಕೊಡುತ್ತಿದ್ದರು. ಗಂಡಸರಿಗೆ ಕೊಡುವಷ್ಟೇ ಸಂಬಳ ತನಗೂ ಬೇಕು ಎಂದು ಕೇಳಿದರು. ಹಾಲ್ ಒಪ್ಪಲಿಲ್ಲ. ಆ್ಯಂಜಲಿನ್ ಲೆಕ್ಕ ಮಾಡುವುದನ್ನೇ ನಿಲ್ಲಿಸಿಬಿಟ್ಟರು. ಹಾಲ್ ಬಗ್ಗೆ ಓದುತ್ತಾ ನಮಗೆ ಅವರ ಮೇಲೆ ಸಿಟ್ಟು ಬಂದಿದ್ದು ಇಲ್ಲೇ. ಗಣಿತ ಕಲಿಸಿದ ಟೀಚರಿಗೇ ಹಿಂಗೆ ಮಾಡೋದಾ?

1862ರಲ್ಲಿ ಹಾಲ್ ವಾಷಿಂಗ್ಟನ್‌ನ ನೌಕಾಪಡೆ ವೀಕ್ಷಣಾಲಯಕ್ಕೆ ಬಂದರು. 1873ರಲ್ಲಿ ಅಲ್ಲಿಗೆ 26 ಇಂಚಿನ ದೂರದರ್ಶಕ ಬಂತು. ಮಸೂರ ಬಳಸುವ ದೂರದರ್ಶಕಗಳಲ್ಲಿ ಆಗ ಅದೇ ಜಗತ್ತಿಗೆ ದೊಡ್ಡದು. 1877ರ ಆಗಸ್ಟ್‌ನಲ್ಲಿ ಮಂಗಳ ಭೂಮಿಗೆ ತೀರಾ ಹತ್ತಿರ ಬಂದಾಗ ಹುಡುಕಾಟ ಶುರು. ಮಂಗಳನ ಬೆಳಕು ಕಣ್ಣಿಗೆ ಹೊಡೆಯುತ್ತದೆ, ಪಕ್ಕದಲ್ಲಿ ಮಂಕಾದ ಚುಕ್ಕಿ ಇದ್ದರೂ ಕಾಣಲ್ಲ. ಅದಕ್ಕೆ ಅವರು ಗ್ರಹವನ್ನು ದೃಷ್ಟಿಯಿಂದ ಸ್ವಲ್ಪವೇ ಆಚೆ ಸರಿಸಿ ಅದರ ಅಂಚಿನಲ್ಲೇ ಹುಡುಕಿದರು. ರಾತ್ರಿಗಳು ಕಳೆದರೂ ಏನೂ ಸಿಗದೆ ಕೈಬಿಡುವ ಯೋಚನೆಯಲ್ಲಿದ್ದಾಗ, ಇನ್ನೂ ನೋಡಿ ಎಂದು ಒತ್ತಾಯಿಸಿ ಕಳಿಸಿದ್ದು ಆ್ಯಂಜಲಿನ್.

11ರ ರಾತ್ರಿ ಒಂದು ಚುಕ್ಕಿ ಕಂಡಿತು. ಅಷ್ಟರಲ್ಲೇ ಪೊಟೊಮ್ಯಾಕ್ ನದಿಯ ಮಂಜು ಮುಚ್ಚಿಕೊಂಡಿತು. 16ರವರೆಗೆ ಕಾಯಬೇಕಾಯಿತು. ಅದು ಹೊರಗಿನ ಉಪಗ್ರಹ, ಡೀಮೋಸ್. 17ರ ರಾತ್ರಿ ಕಳೆದು ಬೆಳಗಿನ ಜಾವ ಒಳಗಿನ ಫೋಬೋಸ್ ಸಿಕ್ಕಿತು. ಇದಂತೂ ಅವರ ತಲೆ ಕೆಡಿಸಿತು. ಒಂದೇ ರಾತ್ರಿಯಲ್ಲಿ ಗ್ರಹದ ಈ ಪಕ್ಕ ಕಂಡಿದ್ದು ಆ ಪಕ್ಕ ಕಾಣುತ್ತಿತ್ತು. ಒಳಗೆ ಎರಡು ಮೂರು ಚಂದ್ರರಿರಬಹುದು ಎಂದುಕೊಂಡರು. ಇದ್ದದ್ದು ಒಂದೇ, 7 ಗಂಟೆ 39 ನಿಮಿಷಕ್ಕೆ ಒಂದು ಸುತ್ತು. ಮಂಗಳ ತಾನು ತಿರುಗುವುದಕ್ಕಿಂತ ಬೇಗ ಇದು ಸುತ್ತುವುದರಿಂದ ಅಲ್ಲಿ ಫೋಬೋಸ್ ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗುತ್ತದೆ.

ಎಂಜಿನಿಯರಿಂಗ್ ಓದುವವರಿಗೆ ನಿಜವಾದ ಮಜಾ ಇರೋದು ಇಲ್ಲಿ. ಚಂದ್ರರಿಲ್ಲದ ಗ್ರಹದ ದ್ರವ್ಯರಾಶಿ ತಿಳಿಯಬೇಕಾದರೆ ಅದು ಬೇರೆ ಗ್ರಹಗಳನ್ನು ಎಷ್ಟು ಎಳೆಯುತ್ತದೆ ಎಂದು ವರ್ಷಗಟ್ಟಲೆ ಲೆಕ್ಕ ಹಾಕಬೇಕಿತ್ತು. ಚಂದ್ರ ಸಿಕ್ಕಿದ ಮೇಲೆ ದೂರ, ಸಮಯ ಎರಡೇ ಸಾಕು. ಫೋಬೋಸ್ ದೂರ ಮಂಗಳನ ಕೇಂದ್ರದಿಂದ 9,376 ಕಿ.ಮೀ. ಅದರ ಘನವನ್ನು 4π²ರಿಂದ ಗುಣಿಸಿ, ಸೆಕೆಂಡುಗಳಲ್ಲಿ ಬರೆದ ಸಮಯದ ವರ್ಗದಿಂದ ಭಾಗಿಸಿ. 42,800 ಚಿಲ್ಲರೆ ಬರುತ್ತದೆ. ಸಿಮ್ಯುಲೇಟರಿನಲ್ಲಿ ನಮ್ಮ ನೌಕೆಯನ್ನು ಮಂಗಳ ಎಳೆಯುವುದು ಈ ಸಂಖ್ಯೆಯ ಲೆಕ್ಕದಲ್ಲೇ. ಹಾಲ್ ತಮ್ಮ ಅಳತೆಗಳಿಂದ ಕಂಡುಕೊಂಡ ದ್ರವ್ಯರಾಶಿ ಇವತ್ತಿನದಕ್ಕೆ ಬಹಳ ಹತ್ತಿರ ಇತ್ತು.

ಆ್ಯಂಜಲಿನ್ 1892ರಲ್ಲಿ ತೀರಿಕೊಂಡರು. ಹಾಲ್ ನಿವೃತ್ತಿಯ ನಂತರ ಹಾರ್ವರ್ಡ್‌ನಲ್ಲಿ ಪಾಠ ಮಾಡಿ, 1907ರಲ್ಲಿ ಹೋದರು.

1971ರಲ್ಲಿ ಮ್ಯಾರಿನರ್ 9 ನೌಕೆ ಫೋಬೋಸಿನ ಫೋಟೊ ತೆಗೆದ ಮೇಲೆ ಅಲ್ಲಿನ ಕುಳಿಗಳಿಗೆ ಹೆಸರಿಟ್ಟರು. ಆಲೂಗಡ್ಡೆ ಕಚ್ಚಿದಂತೆ ಕಾಣುವ, ಸುಮಾರು 9 ಕಿ.ಮೀ. ಅಗಲದ ಅತಿ ದೊಡ್ಡ ಕುಳಿಯ ಹೆಸರು ಸ್ಟಿಕ್ನಿ. ತವರಿನ ಹೆಸರೇ. ಹಾಲ್ ಹೆಸರಿನ ಕುಳಿಯೂ ಇದೆ, ಅದಕ್ಕಿಂತ ಚಿಕ್ಕದು. 2020ರ ಜುಲೈ 1ರಂದು ನಮ್ಮ ಮಂಗಳಯಾನ 4,200 ಕಿ.ಮೀ. ದೂರದಿಂದ ತೆಗೆದ ಫೋಬೋಸ್ ಚಿತ್ರದಲ್ಲೂ ಸ್ಟಿಕ್ನಿ ಕುಳಿ ಎದ್ದು ಕಾಣುತ್ತದೆ. ಆ ಚಿತ್ರವನ್ನೂ ಸೆಲೆಸ್ಟಿಯಾದ ಫೋಬೋಸನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆಮೇಲೆ ಸಾಫ್ಟ್‌ವೇರ್‌ನಲ್ಲಿ ದಿನಾಂಕವನ್ನು 1877ರ ಆಗಸ್ಟ್ 18ಕ್ಕೆ, ಗ್ರೀನಿಚ್ ಸಮಯ ಬೆಳಿಗ್ಗೆ 9 ಗಂಟೆಗೆ ತಿರುಗಿಸಿ, ಭೂಮಿಯಿಂದ ಮಂಗಳನ ಕಡೆ ಜೂಮ್ ಮಾಡಿ. ಹಾಲ್ ಕಂಡ ಚುಕ್ಕಿ ಗ್ರಹದ ಅಂಚಿನ ಹತ್ತಿರವೇ ಇರುತ್ತದೆ.